ಗುಂಡು ಅಕ್ಷರ ಕಲಿಸಿದ ಪಾಠ

ಮಗಳ ಹುಟ್ಟುಹಬ್ಬದ ಆಹ್ವಾನಪತ್ರವನ್ನು ಮನೆಯಲ್ಲೇ ಮಾಡೋಣವೆಂದು ಇಬ್ಬರೂ ಕಂಪ್ಯೂಟರ್ ಮುಂದೆ ಕುಳಿತೆವು. ಫಾಂಟ್‌ಗಳ ಉದ್ದನೆಯ ಪಟ್ಟಿಯಲ್ಲಿ ಅವಳ ಬೆರಳು ನಿಂತದ್ದು 'ಕೂಪರ್ ಬ್ಲ್ಯಾಕ್' ಎಂಬ ಹೆಸರಿನ ಮೇಲೆ. "ಅಪ್ಪಾ, ಈ ಅಕ್ಷರಗಳು ಹೊಟ್ಟೆ ತುಂಬಾ ಹೋಳಿಗೆ ತಿಂದ ಹಾಗಿವೆ!" ಎಂದು ನಕ್ಕಳು. ನಿಜವೇ. ಎಲ್ಲವೂ ಗುಂಡಗೆ, ದಪ್ಪಗೆ. ಒಂದು ಮೂಲೆಯೂ ಚೂಪಾಗಿಲ್ಲ. ಇಂಗ್ಲಿಷಿನ 'ಓ' ಅಂತೂ ಊಟ ಮುಗಿಸಿ ಹಿಂದಕ್ಕೆ ಒರಗಿದಂತಿದೆ.

ಈ ಅಕ್ಷರಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಷಿಕಾಗೊದಲ್ಲಿದ್ದ ಆಸ್ವಾಲ್ಡ್ ಕೂಪರ್ ಎಂಬ ಕಲಾವಿದ ಬಿಡಿಸಿದ್ದು 1922ರಲ್ಲಿ ಅಚ್ಚುಮೊಳೆಯಾಗಿ ಹೊರಬಂತು. ಜಾಹೀರಾತುಗಳಲ್ಲಿ ಮೆರೆಯಿತು. 1966ರಲ್ಲಿ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್' ಹಾಡಿನ ತಟ್ಟೆಯ ಹೊದಿಕೆಯನ್ನೇರಿತು. ಎಪ್ಪತ್ತರ ದಶಕದಲ್ಲಂತೂ ಎಲ್ಲೆಲ್ಲೂ ಅದೇ. ಹಾಗಾಗಿ ಇಂದು ಅದನ್ನು ಕಂಡರೆ ಹಳೆಯ ಕಾಲವೇ ಎದುರು ಬಂದು ನಕ್ಕಂತಾಗುತ್ತದೆ. ಯುರೋಪಿನ ಈಸಿಜೆಟ್ ವಿಮಾನಗಳ ಮೈಮೇಲೂ ಇದೇ ಅಕ್ಷರ.

ಮಗಳ ಹೆಸರನ್ನು ಅದರಲ್ಲಿ ದೊಡ್ಡದಾಗಿ ಅಚ್ಚು ಹಾಕಿದೆ. ಎಷ್ಟು ಚೆಂದ ಕಂಡಿತೆಂದರೆ, ಅದೇ ಉತ್ಸಾಹದಲ್ಲಿ ಅಮ್ಮನ ಮಾತ್ರೆಗಳ ಪಟ್ಟಿಯನ್ನೂ ಅದರಲ್ಲೇ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಆ ವಾರವಷ್ಟೇ ಡಾಕ್ಟರು ಮಾತ್ರೆ ಬದಲಿಸಿದ್ದರು. ಕೂಪರ್ ಬ್ಲ್ಯಾಕ್‌ನಲ್ಲಿ ಕನ್ನಡವಿಲ್ಲ. ಆದರೆ ಮಾತ್ರೆಗಳ ಹೆಸರು ಇಂಗ್ಲಿಷು, ಗಂಟೆಗಳು ಅಂಕಿಗಳು. ಸಾಕಾಯಿತಲ್ಲ! ಒಂದೇ ಹಾಳೆಯಲ್ಲಿ ಹಿಡಿಸಲೆಂದು ಅಕ್ಷರವನ್ನು ತೀರ ಚಿಕ್ಕದು ಮಾಡಿದೆ.

ಮರುದಿನ ಬೆಳಿಗ್ಗೆ ಏಳೂವರೆಗೆ ಅಮ್ಮ ಅಡುಗೆಮನೆಯ ಗೋಡೆ ಹಿಡಿದು ನಿಂತಿದ್ದರು. ಮೈಯೆಲ್ಲ ಬೆವರು, ಕೈ ನಡುಕ. ಎಂಟಕ್ಕೆ ತಿಂಡಿಯ ಜೊತೆ ನುಂಗಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಆರಕ್ಕೇ ಬರಿ ಹೊಟ್ಟೆಯಲ್ಲಿ ನುಂಗಿದ್ದರು. ಸಕ್ಕರೆ ನೀರು ಕುಡಿಸಿದ ಮೇಲೆ ನಿಧಾನವಾಗಿ ಸುಧಾರಿಸಿಕೊಂಡರು. ನನ್ನ ಎದೆ ಮಾತ್ರ ಬಹಳ ಹೊತ್ತು ಹೊಡೆದುಕೊಳ್ಳುತ್ತಲೇ ಇತ್ತು.

"ಅದು ಆರೋ ಎಂಟೋ ಗೊತ್ತಾಗಲಿಲ್ಲ ಕಣೋ. ನೀನು ಮಲಗಿದ್ದೆ, ಯಾಕೆ ಎಬ್ಬಿಸಲಿ ಅಂತ ಸುಮ್ಮನಾದೆ" ಎಂದರು ಅಮ್ಮ.

ಹಾಳೆಯನ್ನು ಕಿತ್ತು ನೋಡಿದೆ. ದಪ್ಪ ಅಕ್ಷರವನ್ನು ಚಿಕ್ಕದು ಮಾಡಿದರೆ ಒಳಗಿನ ಬಿಳಿ ಜಾಗ ಮುಚ್ಚಿಕೊಳ್ಳುತ್ತದೆ. 6ರ ತೆರೆದ ಬಾಯಿ ಮುಚ್ಚಿದರೆ ಅದಕ್ಕೂ 8ಕ್ಕೂ ಏನು ವ್ಯತ್ಯಾಸ? 3 ಕೂಡ ಅದೇ ಗುಂಪಿಗೆ ಸೇರಿತ್ತು. ತಪ್ಪು ಅಕ್ಷರದ್ದಲ್ಲ. ದೂರದಿಂದ ಕೂಗಿ ಕರೆಯಲೆಂದು ಹುಟ್ಟಿದ್ದನ್ನು ಕಿವಿಯಲ್ಲಿ ಗುಟ್ಟು ಹೇಳು ಎಂದು ಕೂರಿಸಿದವನು ನಾನು.

ಈಗ ಫ್ರಿಜ್ಜಿನ ಮೇಲೆ ನನ್ನ ಕೈಬರಹದ ಪಟ್ಟಿಯಿದೆ. ಅಂಕಿಗಳ ಪಕ್ಕದಲ್ಲೇ 'ಎಂಟು ಗಂಟೆ, ತಿಂಡಿಯ ಜೊತೆ' ಎಂದು ಕನ್ನಡದಲ್ಲೂ ಬರೆದಿದ್ದೇನೆ. ಬರೆದ ಮೇಲೆ ಅಮ್ಮನಿಂದ ಒಮ್ಮೆ ಗಟ್ಟಿಯಾಗಿ ಓದಿಸಿಯೇ ಅಂಟಿಸಿದ್ದು. ಕೂಪರ್ ಬ್ಲ್ಯಾಕ್ ಮಗಳ ಕೋಣೆಯ ಬಾಗಿಲ ಮೇಲೆ, ಅವಳ ಹೆಸರಾಗಿ, ಗೇಣುದ್ದ ನಗುತ್ತಿದೆ. ಹಜಾರದ ಆ ತುದಿಯಿಂದಲೂ ಅಮ್ಮ ಅದನ್ನು ಕನ್ನಡಕವಿಲ್ಲದೆ ಓದುತ್ತಾರೆ.