ಹದಿನೈದು ನಿಮಿಷ

ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಕಾಠ್ಮಂಡುವಿನ ಗೈಡು ಬೆಳಿಗ್ಗೆಯೇ ಹೇಳಿದ್ದ. ಕಾಕಾ ಮಾತ್ರ ಮುಂಬಯಿ ಟೈಮು ಬಿಡಲಿಲ್ಲ. ನಾವು ಸ್ವಯಂಭೂನಾಥದ 365 ಮೆಟ್ಟಿಲು ಇಳಿಯುವಷ್ಟರಲ್ಲಿ ಬಸ್ಸು ಹೋಗಿಯೇಬಿಟ್ಟಿತ್ತು! ಕಾಮರ್ಸ್ ಓದುವ ನನಗೆ ಹದಿನೈದು ನಿಮಿಷದ ಬೆಲೆ ಟ್ಯಾಕ್ಸಿ ಬಾಡಿಗೆ ಕೊಡುವಾಗ ತಿಳಿಯಿತು.

ಪಶುಪತಿನಾಥದಲ್ಲಿ ಚರ್ಮದ ವಸ್ತು ಒಳಗೆ ಬಿಡುವುದಿಲ್ಲ. ಕಾಕಾ ಬೆಲ್ಟು ಬಿಚ್ಚಿ, ಪ್ಯಾಂಟು ಹಿಡಿದುಕೊಂಡೇ ಸಾಲಿನಲ್ಲಿ ನಿಂತರು. ಅವ್ವನಿಗೆ ನಗು ಬರಲಿಲ್ಲ. ಎರಡು ವರ್ಷ ಭಿಶಿ ಕಟ್ಟಿ ಬಂದದ್ದೇ ಈ ದರ್ಶನಕ್ಕೆ. ಗೈಡಿನದು ಒಂದೇ ಮಾತು: "ಜಲ್ದಿ, ಜಲ್ದಿ!"

ಇಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರು. (ಅವರನ್ನು ಬದಲಿಸಹೊರಟ ಸರ್ಕಾರ 2009ರಲ್ಲಿ ಹಿಂದೆ ಸರಿಯಬೇಕಾಯಿತು.) ಬಾಗಿಲ ಮುಂದೆ ಬಂದದ್ದೇ ತಡ, ಅವ್ವ, "ನಾವೂ ಕನ್ನಡದವರs ರೀ" ಅಂದಳು. ಭಟ್ಟರು ತಲೆಯೆತ್ತಿ, "ಯಾವ ಊರಮ್ಮಾ?" ಅಂದರು. ಧಾರವಾಡ ಅನ್ನುವಷ್ಟರಲ್ಲಿ ಹಿಂದಿನವರು ತಳ್ಳಿದರು.