ಮೂರು ಪೆನ್ಸಿನ ಪ್ರಶ್ನೆ

ಕಳೆದ ಮಳೆಗಾಲದಲ್ಲಿ ಮುಂಬಯಿಯ ನಮ್ಮ ಕಟ್ಟಡದ ಸೊಸೈಟಿ ಸೂಚನಾಫಲಕದಲ್ಲಿ ಒಂದು ಕಾಗದ ಅಂಟಿಸಿತು: ಬಾಡಿಗೆಗೆ ಇರುವವರು ಲಿಫ್ಟಿನ ಬಳಕೆಗಾಗಿ ತಿಂಗಳಿಗೆ 200 ರೂಪಾಯಿ ಹೆಚ್ಚು ಕೊಡತಕ್ಕದ್ದು. ಈ ಊರಿನಲ್ಲಿ ಅದು ದೊಡ್ಡ ಮೊತ್ತವಲ್ಲ. ಆದರೂ ಬಾಡಿಗೆಯ ಏಳು ಸಂಸಾರಗಳವರಾದ ನಮಗೆ ಅದು ಮುಳ್ಳಿನಂತೆ ಚುಚ್ಚಿತು. ಸೊಸೈಟಿಯ ಸಭೆಯಲ್ಲಿ ನಮಗೆ ಮತವಿಲ್ಲ, ಮಾತೂ ಇಲ್ಲ. ಕೇಳಹೋದಾಗ ಕಾರ್ಯದರ್ಶಿಗಳು ಶಾಂತವಾಗಿಯೇ ಹೇಳಿದರು: "ನಿಮ್ಮ ಮನೆಯ ಮಾಲೀಕರು ಸಭೆಯಲ್ಲಿ ಇರುತ್ತಾರಲ್ಲ? ನಿಮ್ಮ ಹಿತವನ್ನು ಅವರೇ ನೋಡಿಕೊಳ್ಳುತ್ತಾರೆ."

ನಮ್ಮಲ್ಲಿ ಕೆಲವರು ಆಗ ಅಮೆರಿಕದ ಸ್ವಾತಂತ್ರ್ಯ ಸಮರದ ಚರಿತ್ರೆಯನ್ನು ಓದುತ್ತಿದ್ದೆವು. ಕಾರ್ಯದರ್ಶಿಗಳ ಮಾತು 1765ರಲ್ಲಿ ಲಂಡನ್ನು ತನ್ನ ವಸಾಹತುಗಳಿಗೆ ಹೇಳಿದ ಮಾತೇ ಆಗಿತ್ತು.

ಫ್ರಾನ್ಸಿನೊಡನೆ ನಡೆದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು. ಅದರ ಸಾಲ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಮೆರಿಕದಲ್ಲಿ ನಿಲ್ಲಿಸಿದ ಸೈನ್ಯದ ಖರ್ಚಿನ ಒಂದು ಪಾಲನ್ನು ಅಲ್ಲಿಯವರೇ ಹೊರಲಿ ಎಂದು ಪಾರ್ಲಿಮೆಂಟು 1765ರಲ್ಲಿ ಸ್ಟಾಂಪ್ ಶಾಸನವನ್ನು ಹೊರಡಿಸಿತು. ನ್ಯಾಯಾಲಯದ ಪತ್ರ, ವೃತ್ತಪತ್ರಿಕೆ, ಕಡೆಗೆ ಇಸ್ಪೀಟೆಲೆಯ ಮೇಲೂ ಸುಂಕ ಬಿತ್ತು. ವಸಾಹತಿನವರು ಆಗ ಸ್ವಾತಂತ್ರ್ಯ ಕೇಳಲಿಲ್ಲ. ತಾವೂ ಇಂಗ್ಲಿಷ್ ಪ್ರಜೆಗಳೇ ಎಂಬ ಹೆಮ್ಮೆ ಅವರಿಗಿತ್ತು. ಅವರ ವಾದವೂ ಆ ಹೆಮ್ಮೆಯಿಂದಲೇ ಹುಟ್ಟಿತು: ತನ್ನ ಪ್ರತಿನಿಧಿಯ ಒಪ್ಪಿಗೆಯಿಲ್ಲದೆ ಇಂಗ್ಲಿಷ್ ಪ್ರಜೆ ತೆರಿಗೆ ಕೊಡಬೇಕಾಗಿಲ್ಲ, ನಮ್ಮ ಪ್ರತಿನಿಧಿ ನಿಮ್ಮ ಪಾರ್ಲಿಮೆಂಟಿನಲ್ಲಿ ಎಲ್ಲಿದ್ದಾನೆ? ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಿಗೂ ತಮ್ಮದೇ ಪ್ರತಿನಿಧಿಯಿಲ್ಲ, ಪಾರ್ಲಿಮೆಂಟಿನ ಪ್ರತಿಯೊಬ್ಬ ಸದಸ್ಯನೂ ಎಲ್ಲರ ಹಿತವನ್ನೂ ಕಾಯುತ್ತಾನೆ ಎಂಬ ಉತ್ತರ ಬಂತು. ನಮ್ಮ ಮನೆಯ ಮಾಲೀಕರೂ ಹಾಗೆಯೇ ನಮ್ಮ ಹಿತವನ್ನು ಕಾಯುತ್ತಿದ್ದರು.

ಪ್ರತಿಭಟನೆಗೆ ಮಣಿದ ಪಾರ್ಲಿಮೆಂಟು 1766ರಲ್ಲಿ ಆ ಶಾಸನವನ್ನು ಹಿಂತೆಗೆದುಕೊಂಡಿತು. ಆದರೆ ಜೊತೆಗೇ ಮತ್ತೊಂದು ಶಾಸನವನ್ನು ಮಾಡಿ, ವಸಾಹತುಗಳನ್ನು ಯಾವ ವಿಷಯದಲ್ಲಾದರೂ ಕಟ್ಟಿಹಾಕುವ ಅಧಿಕಾರ ತನಗುಂಟೆಂದು ಸಾರಿತು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಹೊಸ ಸುಂಕ ಬಂದಿತು. 1770ರಲ್ಲಿ ಚಹಾದ ಸುಂಕವೊಂದನ್ನು ಬಿಟ್ಟು ಉಳಿದವು ರದ್ದಾದವು. ಪೌಂಡು ತೂಕಕ್ಕೆ 3 ಪೆನ್ಸಿನ ಈ ಸುಂಕ ಉಳಿದದ್ದು ಹಕ್ಕಿನ ಗುರುತಾಗಿ.

ಇಲ್ಲಿ ಕಥೆಗೆ ನಮ್ಮ ನಾಡಿನ ನಂಟೂ ಇದೆ. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಬಂದು ಈಸ್ಟ್ ಇಂಡಿಯಾ ಕಂಪನಿಯನ್ನು ಸಂಧಿಗೆ ಒಪ್ಪಿಸಿದ. ಅವನ ಯುದ್ಧದ ಸುದ್ದಿ ತಲುಪಿ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿದಿತ್ತು. 1770ರಲ್ಲಿ ಬಂಗಾಳವನ್ನು ಘೋರ ಕ್ಷಾಮ ನುಂಗಿತು. ಕೆಲವೇ ವರ್ಷಗಳಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಚೀನಾದಿಂದ ತಂದ ಚಹಾ ಲಂಡನ್ನಿನ ಉಗ್ರಾಣಗಳಲ್ಲಿ ಕೊಳೆಯುತ್ತಿತ್ತು. ಕಂಪನಿಯನ್ನು ಉಳಿಸಲೆಂದು ಬಂದ 1773ರ ಚಹಾ ಶಾಸನ ಅದಕ್ಕೆ ನೇರವಾಗಿ ಅಮೆರಿಕದಲ್ಲಿ ಮಾರುವ ಅವಕಾಶ ಕೊಟ್ಟಿತು. ಇದರಿಂದ ಚಹಾದ ಬೆಲೆ ಇಳಿಯುವುದರಲ್ಲಿತ್ತು. 3 ಪೆನ್ಸ್ ಮಾತ್ರ ಹಾಗೆಯೇ ಉಳಿಯಿತು. ಅಗ್ಗದ ಚಹಾ ಕುಡಿದರೆ ತೆರಿಗೆಯ ಹಕ್ಕನ್ನೇ ಒಪ್ಪಿಕೊಂಡಂತೆ ಎಂದು ಜನ ಬಗೆದರು. ಕಳ್ಳಸಾಗಣೆಯ ಚಹಾದಿಂದ ಬದುಕುತ್ತಿದ್ದ ವ್ಯಾಪಾರಿಗಳ ಸ್ವಾರ್ಥವೂ ಇದಕ್ಕೆ ಕೂಡಿಕೊಂಡಿತು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಬ್ರಿಟನ್ ಆ ಬಂದರನ್ನೇ ಮುಚ್ಚಿಸಿತು, ಮ್ಯಾಸಚೂಸೆಟ್ಸಿನ ಸ್ವಯಮಾಡಳಿತವನ್ನು ಮೊಟಕುಗೊಳಿಸಿತು. 1775ರ ಏಪ್ರಿಲ್‌ನಲ್ಲಿ ಗುಂಡು ಹಾರಿತು. ಮರುವರ್ಷ ಜುಲೈ 4ರಂದು ಸ್ವಾತಂತ್ರ್ಯದ ಘೋಷಣೆ ಹೊರಟಿತು.

ಇಷ್ಟನ್ನು ಓದಿದ ನಾವು ಉಬ್ಬಿಹೋದೆವು. 200 ರೂಪಾಯಿಯೇ ನಮ್ಮ 3 ಪೆನ್ಸ್ ಎಂದುಕೊಂಡೆವು. ಪ್ರತಿಭಟನೆಯ ಪತ್ರ ಬರೆಯಲು ಐದನೆಯ ಮಹಡಿಯ ಒಂದು ಮನೆಯಲ್ಲಿ ಸೇರಿದೆವು. ನಾವೆಲ್ಲರೂ ಮಾವಶಿ ಎಂದು ಕರೆಯುವ ಮನೆಗೆಲಸದ ಹೆಂಗಸು ಅಷ್ಟರಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ವಿಷಯ ಕೇಳಿ ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: "ಲಿಫ್ಟಿನ ವಿಷಯವಾದರೆ, ನಮ್ಮದನ್ನೂ ಬರೆಯುತ್ತೀರಾ?" ನಿವಾಸಿಗಳ ಲಿಫ್ಟನ್ನು ಕೆಲಸದವರು ಹತ್ತುವಂತಿಲ್ಲ. ಅವರಿಗೆಂದು ಇರುವ ಲಿಫ್ಟು ಎರಡು ತಿಂಗಳಿಂದ ಕೆಟ್ಟು ನಿಂತಿತ್ತು. ಆ ಫಲಕವನ್ನು ನಾವು ದಿನವೂ ನೋಡಿದ್ದೆವು, ಒಮ್ಮೆಯೂ ಓದಿರಲಿಲ್ಲ.

ಚರಿತ್ರೆಯ ಪುಸ್ತಕವನ್ನೂ ನಾವು ಹಾಗೆಯೇ ಓದಿದ್ದೆವೆಂದು ಆಗ ಹೊಳೆಯಿತು. ಚಹಾ ಕಡಲಿಗೆ ಬೀಳುವುದಕ್ಕೆ ಹನ್ನೊಂದು ತಿಂಗಳು ಮೊದಲು, ಬಾಸ್ಟನ್ನಿನ ಮತ್ತು ಸುತ್ತಲಿನ ಊರುಗಳ ಗುಲಾಮರು ತಮ್ಮ ಬವಣೆಗೆ ಪರಿಹಾರ ಬೇಡಿ ಗವರ್ನರಿಗೂ ಶಾಸನಸಭೆಗೂ ಅರ್ಜಿ ಕೊಟ್ಟಿದ್ದರು, ಬಿಡುಗಡೆ ಸಿಗಲಿಲ್ಲ. 1776ರಲ್ಲಿ ವಸಾಹತುಗಳ ಸುಮಾರು 25 ಲಕ್ಷ ಜನರಲ್ಲಿ ಐದನೆಯ ಒಂದು ಪಾಲು ಗುಲಾಮರು. ಅಪಲಾಚಿಯನ್ ಬೆಟ್ಟಗಳಾಚೆಯ ಮೂಲನಿವಾಸಿಗಳ ನೆಲಕ್ಕೆ ಕೈಚಾಚಬಾರದೆಂದು 1763ರಲ್ಲಿ ರಾಜ ಹೊರಡಿಸಿದ ಆಜ್ಞೆಯೂ ಬಂಡೆದ್ದವರ ದೂರುಗಳಲ್ಲಿ ಒಂದಾಗಿತ್ತು. ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. ಆದರೂ ಅವನು ಗುಲಾಮರ ವ್ಯಾಪಾರವನ್ನು ಹಳಿದು, ಅದರ ಹೊಣೆಯನ್ನು ರಾಜನ ಮೇಲೆ ಹೊರಿಸಿ ಕರಡಿನಲ್ಲಿ ಒಂದು ಭಾಗ ಬರೆದಿದ್ದ. ಸೌತ್ ಕ್ಯಾರೊಲಿನಾ, ಜಾರ್ಜಿಯಾಗಳು ಮುನಿಯಬಾರದೆಂದು ಕಾಂಗ್ರೆಸ್ ಅದನ್ನು ಹೊಡೆದುಹಾಕಿತು ಎಂದು ಮುಂದೆ ಅವನೇ ಬರೆದ. ಒಗ್ಗಟ್ಟು ಉಳಿಯಿತು; ಹದಿಮೂರು ವಸಾಹತುಗಳೂ ಜೊತೆಯಾಗಿ ಸ್ವತಂತ್ರವಾದವು. ಹೊಡೆದುಹಾಕಿದ ಆ ಪ್ರಶ್ನೆಗೆ ಎಂಬತ್ತೈದು ವರ್ಷಗಳ ಮೇಲೆ ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಪ್ರಾಣ ತೆತ್ತರು.

ಇದರಿಂದ ವಸಾಹತಿನವರ ಹೋರಾಟ ಸುಳ್ಳಾಗುವುದಿಲ್ಲ. ಕೇಳದೆ ಹೇರಿದ್ದು ಸಣ್ಣ ಮೊತ್ತವಾದರೂ ಅನ್ಯಾಯವೇ. ಅದನ್ನು ಜಗತ್ತಿಗೆ ಅಷ್ಟು ಸ್ಪಷ್ಟವಾಗಿ ಹೇಳಿದವರು ಅವರೇ. ಆದರೆ ತಲೆಯ ಮೇಲಿನ ಭಾರ ಕಂಡಷ್ಟು ಬೇಗ ನಮ್ಮ ಕಾಲ ಕೆಳಗಿರುವವರು ಕಾಣುವುದಿಲ್ಲ.

ನಾವು ಪತ್ರವನ್ನು ತಿದ್ದಿದೆವು. ಬಾಡಿಗೆಯವರನ್ನು ಕೇಳದೆ ಶುಲ್ಕ ಹೇರಬಾರದು ಎಂಬುದು ಮೊದಲ ಮಾತು. ಕಟ್ಟಡಕ್ಕೆ ಕೆಲಸಕ್ಕೆ ಬರುವವರೆಲ್ಲರೂ ಯಾವ ಲಿಫ್ಟನ್ನಾದರೂ ಹತ್ತಬಹುದು ಎಂಬುದು ಎರಡನೆಯದು. ಎರಡನೆಯದಕ್ಕೆ ಎರಡು ಸಂಸಾರಗಳು ಒಪ್ಪಲಿಲ್ಲ. "ಅದನ್ನು ಬಿಡಿ, ಏಳೂ ಸಹಿ ಬೀಳುತ್ತವೆ, ನಮ್ಮ ಕೆಲಸ ಮೊದಲು ಆಗಲಿ" ಎಂದರು. ಅವರ ಲೆಕ್ಕ ತಪ್ಪೆಂದು ಹೇಳುವುದು ಸುಲಭವಿರಲಿಲ್ಲ. 1776ರ ಕಾಂಗ್ರೆಸ್ಸಿನ ಲೆಕ್ಕವೂ ಅದೇ. ರಾತ್ರಿ ಹನ್ನೊಂದರವರೆಗೆ ವಾದಿಸಿದೆವು.

ಪತ್ರ ಐದು ಸಹಿಗಳೊಂದಿಗೆ ಹೋಯಿತು. ಉತ್ತರ ಇನ್ನೂ ಬಂದಿಲ್ಲ. 200 ರೂಪಾಯಿಯನ್ನು ನಾವು ಕೊಟ್ಟಿಲ್ಲ. ಮಾವಶಿ ಈಗಲೂ ಮೆಟ್ಟಿಲು ಹತ್ತಿಯೇ ಬರುತ್ತಾಳೆ.