ಜಂಪರ್ ಹಿಡಿಯಂಗಿಲ್ಲ



ನಮ್ಮ ನಂದೂರಿನ ಅಕ್ಕ ಒಬ್ಬಾಕಿ ನಿನ್ನೆ ಆಫೀಸಿಗೇ ಬಂದಿದ್ದಳು. ಹೆಸರು ಬರೆಯಂಗಿಲ್ಲ, 2017ರ ಎಚ್‌ಐವಿ ಕಾಯ್ದೆ ಇರೋದೇ ಅದಕ್ಕೆ. ಆಕಿ ಒಪ್ಪಿದಷ್ಟೇ ಬರೀತೀನಿ.

"ತಂಗೀ, ಗುಳಿಗಿ ಬಿಡ್ತೀನಿ. ಎರಡು ವರ್ಷದಾಗ 14 ಕೆಜಿ ಏರೀನಿ, ಒಂದೂ ಜಂಪರ್ ಹಿಡಿಯಂಗಿಲ್ಲ."

ಹದಿನೈದು ವರ್ಷದ ಹಿಂದೆ ಇದೇ ಅಕ್ಕನ ಕೆನ್ನೆ ಒಳಗೆ ಹೋಗಿದ್ದವು. ಆಗಿನ ಸ್ಟಾವುಡಿನ್ ಗುಳಿಗೆ ಮುಖದ ಕೊಬ್ಬನ್ನೇ ಕರಗಿಸ್ತಿತ್ತು. ಆ ಮುಖ ನೋಡಿ ಓಣಿಯವರು ಆಕಿಯ ಕೊಡ ಬೇರೆ ಇಡಿಸಿದರು. ಬೇರೆ ಕೊಡ ನಮಗೇನು ಹೊಸದಲ್ಲ. ಆದರೆ ಆ ಸಲ ಇಡಿಸಿದವರು ನಮ್ಮವರೇ.

ಈಗಿನ ಡೊಲುಟೆಗ್ರಾವಿರ್‌ನಿಂದ ಕೆಲವರಿಗೆ ತೂಕ ಏರುತ್ತೆ, ಹೆಂಗಸರಿಗೆ ಹೆಚ್ಚು. 2019ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಯನದಾಗ ಕಪ್ಪು ಹೆಣ್ಣುಮಕ್ಕಳಲ್ಲೇ ಇದು ಎದ್ದು ಕಂಡಿತು. ಸೊರಗಿದ ಮೈ ಚೇತರಿಸೋದೂ ಅದರಾಗ ಒಂದು ಪಾಲು. ಆದರೆ ಗುಳಿಗೆ ಬಿಟ್ಟರೆ ವೈರಸ್ ಮತ್ತೆ ಏಳುತ್ತೆ. ಬಿಡೋ ಬದಲು ಎಆರ್‌ಟಿ ಕೇಂದ್ರದಾಗ ಬಾಯಿ ಬಿಟ್ಟು ಹೇಳ್ರಿ, ಶುಗರ್, ಬಿಪಿ ನೋಡ್ರಿ ಅಂತ ಕೇಳ್ರಿ. "ಅನ್ನ ಕಡಿಮೆ ಮಾಡು" ಅಂತ ಎಲ್ಲರೂ ಹೇಳ್ತಾರೆ. ರೇಷನ್‌ನಾಗ ಬರೋದು ಅಕ್ಕಿ.

ಸೋಮವಾರ ರಜೆ ಹಾಕಿ ಆಕಿ ಜೊತೆ ಹೋಗ್ತಿದೀನಿ.

"ಜಂಪರ್?" ಅಂದಳು.

ಹೊಲಿಗಿ ಬಿಚ್ಚಿಸೋಣ ಬಾ ಅಕ್ಕಾ ಅಂದೆ.